ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು?

ಕರಾವಳಿಯಿಂದ ಘಟ್ಟ ಹತ್ತಿ ಬಂದು ನಂಜನಗೂಡು, ಟಿ. ನರಸೀಪುರ ಕಡೆ ವ್ಯಾಪಾರ, ಕೆಲಸ ಅಂತ ನೆಲೆ ನಿಂತ ನಮ್ಮ ಮನೆಗಳಲ್ಲಿ ಈಗ ಹಿರಿಯ ತಲೆಮಾರು ಹಾಸಿಗೆ ಹಿಡಿಯುವ ಕಾಲ ಬಂದಿದೆ. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಕೀಮೋ ಆಯಿತು, ರೇಡಿಯೇಶನ್ ಆಯಿತು. ಕೊನೆಗೊಂದು ದಿನ ಡಾಕ್ಟರು "ಇನ್ನು ಮನೆಗೆ ಕರ್ಕೊಂಡು ಹೋಗಿ, ಚೆನ್ನಾಗಿ ನೋಡ್ಕೊಳ್ಳಿ" ಅಂತಾರೆ. ಚೆನ್ನಾಗಿ ನೋಡ್ಕೊಳ್ಳೋದು ಅಂದರೆ ಏನು, ನೋವು ಬಂದರೆ ಯಾರನ್ನು ಕರೀಬೇಕು, ಇದನ್ನು ಯಾರೂ ಹೇಳಿ ಕಳಿಸಿರುವುದಿಲ್ಲ. ಆಮೇಲೆ ಮನೆಯವರು ಮಸೀದಿಗೆ ಬರ್ತಾರೆ. ದುಆ ಮಾಡಿಸಿಕೊಂಡು, ಹೊರಡುವಾಗ ಕೇಳ್ತಾರೆ: "ಉಸ್ತಾದ್, ಇಂಥ ರೋಗಿಗಳನ್ನು ನೋಡಿಕೊಳ್ಳುವವರು ಇದ್ದಾರಂತಲ್ಲ, ಅವರು ಒಳ್ಳೆಯವರಾ?"

ನಾವು ಮದ್ರಸದಲ್ಲಿ ಮಕ್ಕಳಿಗೆ ಕಲಿಸುವವರು, ವೈದ್ಯರಲ್ಲ. ಆದರೆ ರೋಗಿಗಳನ್ನು ಕಂಡು ಬರುವುದು ನಮ್ಮ ಕೆಲಸದ ಭಾಗ. ಹಾಗೆ ಹೋದ ಮನೆಗಳಲ್ಲಿ ಕಂಡದ್ದು, ತಿಳಿದವರಿಂದ ಕೇಳಿದ್ದು, ಓದಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮಾತು ಒಂದೇ. ಇಂಥ ಆರೈಕೆ ಕೊಡುವವರನ್ನು ಬೋರ್ಡು, ಕಟ್ಟಡ, ಹೆಸರು ನೋಡಿ ಅಳೆಯಬೇಡಿ. ರೋಗಿಯ ರಾತ್ರಿ ಹೇಗೆ ಕಳೆಯುತ್ತದೆ ಎಂಬುದನ್ನು ನೋಡಿ ಅಳೆಯಿರಿ.

ಇದು ಕೈಚೆಲ್ಲಿದವರ ಜಾಗವೇ?

ಹಾಸ್ಪೈಸ್ ಅಂದರೆ ಸಾಯಲು ಬಿಡುವ ಜಾಗ ಅಂತ ನಮ್ಮಲ್ಲಿ ಹಲವರ ತಿಳಿವಳಿಕೆ. "ಉಪ್ಪನನ್ನು ಅಲ್ಲಿ ಬಿಟ್ಟರೆ ಜನ ಏನಂತಾರೆ?" ಅಂತ ಮಕ್ಕಳು ಹೆದರ್ತಾರೆ. ಈ ಆರೈಕೆ ಹುಟ್ಟಿದ್ದು ನೋವನ್ನು ಸುಮ್ಮನೆ ನೋಡುತ್ತಾ ಕೂರಲಾರದವರಿಂದ. ನರ್ಸ್ ಆಗಿ, ಆಮೇಲೆ ಡಾಕ್ಟರ್ ಆದ ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದರು. ನಮ್ಮ ದೇಶದ ಮೊದಲನೆಯದು 1986ರಲ್ಲಿ ಮುಂಬೈಯಲ್ಲಿ ಆರಂಭವಾದ ಶಾಂತಿ ಆವೇದನ ಸದನ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ.

ರೋಗ ವಾಸಿ ಮಾಡಲು ಆಗದಿದ್ದರೂ ನೋವು, ಉಸಿರಾಟದ ಕಷ್ಟ, ವಾಂತಿ, ಹುಣ್ಣು, ಭಯ ಇವುಗಳನ್ನು ಕಡಿಮೆ ಮಾಡಲು ಆಗುತ್ತದೆ. ಅದಕ್ಕೆ ಪ್ಯಾಲಿಯೇಟಿವ್ ಕೇರ್, ಕನ್ನಡದಲ್ಲಿ ಉಪಶಾಮಕ ಆರೈಕೆ ಅಂತಾರೆ. ಹಾಸ್ಪೈಸ್ ಅದರ ಕೊನೆಯ ಹಂತ. ಹಾಸ್ಪೈಸಿಗೆ ಸೇರಿದವರೆಲ್ಲ ಅಲ್ಲೇ ಉಳಿಯಬೇಕೆಂದಿಲ್ಲ. ಕೆಲವರು ಎಂಟು ಹತ್ತು ದಿನ ಇದ್ದು, ನೋವು ಹತೋಟಿಗೆ ಬಂದ ಮೇಲೆ ಮನೆಗೆ ಮರಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಈ ಆರೈಕೆ ಬೇಕಾದವರಲ್ಲಿ ಸಿಗುತ್ತಿರುವುದು ಸುಮಾರು ಶೇ. 14 ಮಂದಿಗೆ ಮಾತ್ರ. ಹಾಗಾಗಿ ಸಿಕ್ಕಿದ್ದೇ ಸಾಕು ಅನಿಸುವುದು ಸಹಜ. ಹಾಗಂತ ಸಿಕ್ಕಿದ್ದೆಲ್ಲ ಒಳ್ಳೆಯದೇ ಆಗಿರುವುದಿಲ್ಲ.

ನಮ್ಮ ಕಡೆ ಏನಿದೆ?

ನಂಜನಗೂಡಿನಿಂದ ಮೈಸೂರು ಸುಮಾರು 25 ಕಿ.ಮೀ., ಟಿ. ನರಸೀಪುರದಿಂದ 30 ಕಿ.ಮೀ. ಆಸುಪಾಸು. ಪೇಟೆಯಲ್ಲಿರುವವರಿಗೆ ಇದು ದೊಡ್ಡ ದೂರ ಅಲ್ಲ. ಹುಲ್ಲಹಳ್ಳಿ, ಹೆಡಿಯಾಲ, ಬನ್ನೂರು, ತಲಕಾಡು ಕಡೆಯ ಮನೆಗಳಿಗೆ ಲೆಕ್ಕ ಬೇರೆ. ಮೂಳೆಗೆ ಕ್ಯಾನ್ಸರ್ ಹರಡಿದ ರೋಗಿಯನ್ನು ಆಟೋದಲ್ಲಿ ಹತ್ತು ಕಿ.ಮೀ. ಕರೆದೊಯ್ಯುವುದೂ ಒಂದು ಶಿಕ್ಷೆ. ಅದಕ್ಕೇ ಮನೆಗೆ ಬಂದು ನೋಡುವ ತಂಡಕ್ಕೆ ಬೆಲೆ.

ಮೈಸೂರು ಜಿಲ್ಲೆಯಲ್ಲಿ ಈ ಕೆಲಸ ಮಾಡುವವರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಸರು ಎಲ್ಲರಿಗೂ ಗೊತ್ತು. ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗೆಳೆಯರೊಂದಿಗೆ 1984ರಲ್ಲಿ ಕಟ್ಟಿದ ಸಂಸ್ಥೆ ಇದು. ಸರಗೂರಿನಲ್ಲಿ ಅವರ ಆಸ್ಪತ್ರೆ ಇದೆ. ಮೈಸೂರಿನಲ್ಲಿ ರೋಗಿಗಳ ಮನೆಗೇ ಹೋಗಿ ಉಪಶಾಮಕ ಆರೈಕೆ ಕೊಡುವ ತಂಡವೂ ಅವರದ್ದಿದೆ. ಸರಕಾರದ ಕಡೆಯಿಂದ ತಾಲೂಕು ಆಸ್ಪತ್ರೆಗಳಿವೆ. ಹಳ್ಳಿಗಳ ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರ ಆಗಿವೆ. ಅಲ್ಲಿ ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ ಮತ್ತು ಉಪಶಾಮಕ ಆರೈಕೆಯೂ ಒಂದು. ಹಾಗಾಗಿ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯನ್ನು ಮೊದಲು ಕೇಳಿ. 104ಕ್ಕೆ ಫೋನ್ ಮಾಡಿಯೂ ವಿಚಾರಿಸಬಹುದು.

ಇವರಲ್ಲದೆ ಹಣ ಪಡೆದು ಮನೆಗೆ ಆಳು ಕಳಿಸುವ ಹೋಮ್ ನರ್ಸಿಂಗ್ ಏಜೆನ್ಸಿಗಳಿವೆ. ಮೋಸ ಹೋಗುವುದು ಹೆಚ್ಚಾಗಿ ಇಲ್ಲಿ. ಸ್ನಾನ ಮಾಡಿಸಲು, ಬಟ್ಟೆ ಬದಲಿಸಲು ಒಬ್ಬರು ಬರುವುದು ದೊಡ್ಡ ಸಹಾಯವೇ, ಅಲ್ಲ ಅನ್ನುವುದಿಲ್ಲ. ಆದರೆ ಅದು ಉಪಶಾಮಕ ಆರೈಕೆ ಅಲ್ಲ. ನಾವು ಕಂಡ ಒಂದು ಮನೆಯಲ್ಲಿ ತಿಂಗಳ ಹಣ ಮುಂಗಡ ಪಡೆದು ಒಬ್ಬ ಹುಡುಗನನ್ನು ಕಳಿಸಿದ್ದರು. ಪಾಪ, ಒಳ್ಳೆಯ ಹುಡುಗ. ಉಮ್ಮಾಮ ನೋವಿನಿಂದ ನರಳುವಾಗ ಅವನ ಕೈಯಲ್ಲಿ ಇದ್ದದ್ದು ಒಂದು ಜ್ವರದ ಮಾತ್ರೆ ಮಾತ್ರ.

ಮೊದಲ ಪ್ರಶ್ನೆ: ನೋವಿಗೆ ಏನು ಕೊಡ್ತೀರಿ?

ಒಳ್ಳೆಯ ತಂಡ ಮೊದಲ ಭೇಟಿಗೇ ರೋಗಿಯ ಪಕ್ಕ ಕೂತು ಅವರನ್ನೇ ಮಾತಾಡಿಸುತ್ತದೆ. ಎಲ್ಲಿ ನೋವು, ಯಾವಾಗ ಹೆಚ್ಚು, ನಿದ್ದೆ ಬರುತ್ತದಾ ಅಂತ ಕೇಳುತ್ತದೆ. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಅಂತ ಕೇಳಿ ಫೈಲಿನಲ್ಲಿ ಬರೆಯುತ್ತದೆ. ಮುಂದಿನ ಭೇಟಿಯಲ್ಲಿ ಅದೇ ಪ್ರಶ್ನೆ ಮತ್ತೆ ಕೇಳುತ್ತದೆ. ಎಂಟು ಇದ್ದದ್ದು ಮೂರಕ್ಕೆ ಇಳಿಯಿತಾ? ಇಳಿಯದಿದ್ದರೆ ಏನು ಬದಲಾಯಿಸಿದರು? ಆರೈಕೆಯ ಗುಣ ಈ ಫೈಲಿನಲ್ಲಿ ಕಾಣುತ್ತದೆ. ಬಂದವರು ಬಿಪಿ, ಶುಗರ್ ಮಾತ್ರ ನೋಡಿ ಎದ್ದು ಹೋದರೆ ಅನುಮಾನ ಪಡಿ.

ಕ್ಯಾನ್ಸರಿನ ಜೋರು ನೋವಿಗೆ ಮುಖ್ಯ ಔಷಧ ಬಾಯಿಯಿಂದ ಕೊಡುವ ಮಾರ್ಫಿನ್ ಮಾತ್ರೆ. ದುಬಾರಿಯದ್ದಲ್ಲ. ಆದರೆ 1985ರ ಮಾದಕ ವಸ್ತು ಕಾಯ್ದೆಯ ಬಿಗಿ ನಿಯಮಗಳಿಂದ ಬಹಳ ಕಾಲ ಇದು ಸಿಗುವುದೇ ಕಷ್ಟ ಆಗಿತ್ತು. 2014ರ ತಿದ್ದುಪಡಿ ದಾರಿ ಸ್ವಲ್ಪ ಸುಲಭ ಮಾಡಿತು. ಈಗ ಮಾನ್ಯತೆ ಪಡೆದ ಸಂಸ್ಥೆಗಳು ಇದನ್ನು ಇಟ್ಟುಕೊಂಡು ಕೊಡಬಹುದು. ಹಾಗಾಗಿ ನೇರ ಕೇಳಿ: "ನಿಮ್ಮಲ್ಲಿ ಮಾರ್ಫಿನ್ ಇದೆಯಾ? ಇಲ್ಲದಿದ್ದರೆ ಎಲ್ಲಿಂದ ತರಿಸಿಕೊಡ್ತೀರಿ?" ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಹಾಗಾಗಿ ನೋವು ಬಂದ ಮೇಲೆ ಕೊಡುವುದಲ್ಲ, ಗಂಟೆ ನೋಡಿ ಕೊಡಬೇಕು. ನಡುವೆ ನೋವು ಎದ್ದರೆ ಕೊಡಲು ಹೆಚ್ಚುವರಿ ಮಾತ್ರೆ ಮನೆಯಲ್ಲಿ ಇರಬೇಕು. ಇದು ಮಲಬದ್ಧತೆ ಮಾಡುತ್ತದೆ, ಆದ್ದರಿಂದ ಜೊತೆಗೆ ಭೇದಿಯ ಔಷಧ ಬರೆಯಲೇಬೇಕು. ಮಾರ್ಫಿನ್ ಕೊಟ್ಟು ಭೇದಿಯ ಔಷಧ ಬರೆಯದವರಿಗೆ ಈ ಕೆಲಸ ಸರಿಯಾಗಿ ಗೊತ್ತಿಲ್ಲ ಅಂತಲೇ ತಿಳಿಯಿರಿ.

"ಅದು ಅಮಲಿನ ವಸ್ತು ಅಲ್ವಾ, ಹರಾಮ್ ಅಲ್ವಾ?" ಅಂತ ನಮ್ಮನ್ನು ಕೇಳಿದವರಿದ್ದಾರೆ. ಅನಿವಾರ್ಯತೆ ನಿಷೇಧವನ್ನು ಸಡಿಲಿಸುತ್ತದೆ ಎಂಬುದು ಫಿಕ್‌ಹ್‌ನ ಪ್ರಸಿದ್ಧ ನಿಯಮ. ಅಮಲಿಗಾಗಿ ತಿನ್ನುವುದು ಬೇರೆ, ಡಾಕ್ಟರು ಅಳತೆ ಮಾಡಿ ಕೊಟ್ಟದ್ದನ್ನು ನೋವಿಗಾಗಿ ತೆಗೆದುಕೊಳ್ಳುವುದು ಬೇರೆ. ನೋವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಅದು ಚಟ ಹಿಡಿಸುವುದು ಅಪರೂಪ, ಆಯುಸ್ಸನ್ನೂ ಕಡಿಮೆ ಮಾಡುವುದಿಲ್ಲ. ಮೊದಲ ಕೆಲವು ದಿನ ಮಂಪರು ಇರಬಹುದು. ನೋವಿಲ್ಲದೆ ಮಲಗಿದ ಉಮ್ಮ ಎದ್ದು ಕೂತು ತಸ್ಬೀಹ್ ಹಿಡಿದದ್ದನ್ನು ನೋಡಿದ ಮಕ್ಕಳಿಗೆ ಇದರ ಬೆಲೆ ಗೊತ್ತು.

ಎರಡನೇ ಪ್ರಶ್ನೆ: ರಾತ್ರಿ ಯಾರಿಗೆ ಫೋನ್?

ಹಗಲು ಎಲ್ಲರೂ ಇರ್ತಾರೆ. ರೋಗ ಜೋರಾಗುವುದು ರಾತ್ರಿ. ಉಸಿರು ಕಟ್ಟಿದ ಹಾಗೆ ಆಗುತ್ತದೆ, ರೋಗಿ ಗಾಬರಿ ಆಗ್ತಾರೆ, ಮನೆಯವರು ಇನ್ನೂ ಗಾಬರಿ. ಆಗ ಫೋನ್ ಎತ್ತಿ "ಇಂಥ ಮಾತ್ರೆ ಕೊಡಿ, ತಲೆ ಎತ್ತರಕ್ಕಿಡಿ, ಕಿಟಕಿ ತೆಗೀರಿ, ಅರ್ಧ ಗಂಟೆ ಬಿಟ್ಟು ನಾವೇ ಫೋನ್ ಮಾಡ್ತೀವಿ" ಅನ್ನುವ ಒಂದು ದನಿ ಇದ್ದರೆ ಸಾಕು, ಎಷ್ಟೋ ಮನೆಗಳು ಅಂಬುಲೆನ್ಸ್ ಕರೆಯುವುದಿಲ್ಲ. ಆ ದನಿ ಇಲ್ಲದಿದ್ದರೆ ರಾತ್ರೋರಾತ್ರಿ ಮೈಸೂರಿಗೆ ಓಟ, ಐಸಿಯು, ಗಾಜಿನ ಬಾಗಿಲಿನ ಆಚೆ ಕಾಯುವುದು.

ಸೇರುವ ಮೊದಲೇ ಒಂದು ಕೆಲಸ ಮಾಡಿ. ರಾತ್ರಿಯ ನಂಬರ್ ಯಾವುದು, ಎತ್ತುವವರು ನರ್ಸಾ, ಡಾಕ್ಟರಾ, ಕಚೇರಿಯ ಹುಡುಗನಾ ಅಂತ ಕೇಳಿ. ಇಶಾ ಕಳೆದ ಮೇಲೆ ಆ ನಂಬರಿಗೆ ಒಮ್ಮೆ ಫೋನ್ ಮಾಡಿ ನೋಡಿ. ನಮ್ಮ ಊರಿನವರೆಗೆ ಬರ್ತೀರಾ, ವಾರಕ್ಕೆ ಎಷ್ಟು ಸಲ, ರಸ್ತೆಯಲ್ಲಿ ಎಷ್ಟು ಹೊತ್ತು ಅಂತ ಕೇಳಿ. "ಎಲ್ಲಿಗೆ ಬೇಕಾದರೂ, ಯಾವಾಗ ಬೇಕಾದರೂ ಬರ್ತೀವಿ" ಅನ್ನುವವರಿಗಿಂತ "ಬನ್ನೂರಿಗೆ ವಾರಕ್ಕೊಮ್ಮೆ ಮಾತ್ರ ಬರೋಕಾಗೋದು, ಉಳಿದದ್ದು ಫೋನಿನಲ್ಲಿ" ಅನ್ನುವವರನ್ನು ನಂಬಬಹುದು.

ಮೂರನೇ ಪ್ರಶ್ನೆ: ನಮಗೆ ಏನು ಕಲಿಸ್ತೀರಿ?

ತಂಡ ವಾರಕ್ಕೆ ಒಂದು ಗಂಟೆ ಬರಬಹುದು. ಉಳಿದ ಹೊತ್ತೆಲ್ಲ ರೋಗಿ ಇರುವುದು ಮಗಳ ಕೈಯಲ್ಲಿ, ಸೊಸೆಯ ಕೈಯಲ್ಲಿ. ಹಾಗಾಗಿ ಒಳ್ಳೆಯ ನರ್ಸ್ ಅರ್ಧ ಟೀಚರ್. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣು ಆಗದಂತೆ ನೋಡುವುದು, ಬಾಯಿ ಸ್ವಚ್ಛ ಮಾಡುವುದು, ಮೂತ್ರದ ಚೀಲ ಖಾಲಿ ಮಾಡುವುದು, ಇದನ್ನೆಲ್ಲ ಕೈ ಹಿಡಿದು ತೋರಿಸಿಕೊಡಬೇಕು. ಕೆಲವು ಕ್ಯಾನ್ಸರ್ ಹುಣ್ಣುಗಳು ವಾಸನೆ ಬರುತ್ತವೆ. ನೆಂಟರು ಕೋಣೆಗೆ ಬರಲು ಹಿಂಜರಿಯುತ್ತಾರೆ, ರೋಗಿಗೆ ಅದು ಗೊತ್ತಾಗಿ ಮುದುಡಿ ಹೋಗ್ತಾರೆ. ಈ ವಾಸನೆಯನ್ನು ಕಡಿಮೆ ಮಾಡುವ ಸಾದಾ ಔಷಧ ಇದೆ. ತಿಳಿದ ನರ್ಸ್ ಮೊದಲ ವಾರದಲ್ಲೇ ಅದನ್ನು ಮಾಡ್ತಾರೆ.

ನೋಡಿಕೊಳ್ಳುವವರನ್ನು "ನೀವು ಊಟ ಮಾಡಿದ್ರಾ, ನಿದ್ದೆ ಮಾಡಿದ್ರಾ?" ಅಂತ ಕೇಳುವ ತಂಡ ಒಳ್ಳೆಯ ತಂಡ. ತಿಂಗಳುಗಟ್ಟಲೆ ನಿದ್ದೆಗೆಟ್ಟ ಸೊಸೆಗೆ ನಾಲ್ಕು ದಿನ ಬಿಡುವು ಸಿಗಲಿ ಅಂತ ರೋಗಿಯನ್ನು ಹಾಸ್ಪೈಸಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯೂ ಕೆಲವೆಡೆ ಇದೆ. ಅದನ್ನೂ ಕೇಳಿ ಇಟ್ಟುಕೊಳ್ಳಿ.

ನಮ್ಮ ಭಾಷೆ, ನಮ್ಮ ದೀನ್

ಜೀವನವಿಡೀ ಗಿರಾಕಿಗಳ ಜೊತೆ ಕನ್ನಡದಲ್ಲಿ ವ್ಯವಹಾರ ಮಾಡಿದ ಹಿರಿಯರು ಕೊನೆಗಾಲದಲ್ಲಿ ಬ್ಯಾರಿ ಭಾಷೆಗೇ ಮರಳುತ್ತಾರೆ. ಮೈಸೂರಿನ ನರ್ಸಿಗೆ ಅದು ಅರ್ಥ ಆಗುವುದಿಲ್ಲ. ಆಗ ಮನೆಯವರು ನಡುವೆ ನಿಂತು ಹೇಳಬೇಕಾಗುತ್ತದೆ. ಇಲ್ಲೊಂದು ಅಪಾಯ ಇದೆ. ಮಗ ತನಗೆ ಹೇಗೆ ಬೇಕೋ ಹಾಗೆ ಹೇಳ್ತಾನೆ, "ನೋವೇನಿಲ್ಲ ಅಂತಾರೆ" ಅಂದುಬಿಡ್ತಾನೆ. ಒಳ್ಳೆಯ ನರ್ಸ್ ನಗುವ, ಅಳುವ ಮುಖಗಳ ಚಿತ್ರ ತೋರಿಸಿ ರೋಗಿಯ ಬೆರಳಿನಿಂದಲೇ ಉತ್ತರ ತೆಗೆಯುತ್ತಾರೆ. ಮಾತು ನಿಂತ ಮೇಲೂ ಹುಬ್ಬು ಗಂಟಿಕ್ಕುವುದು, ಕೈ ಬಿಗಿ ಹಿಡಿಯುವುದು ನೋಡಿ ನೋವನ್ನು ಗುರುತಿಸುತ್ತಾರೆ.

ಇನ್ನು ಹೆಸರಿನ ವಿಷಯ. ಸ್ವಾಮಿಗಳ ಹೆಸರು, ಸಂತರ ಹೆಸರು ಇರುವ ಸಂಸ್ಥೆ ಅಂತ ಹಿಂಜರಿಯುವವರನ್ನು ಕಂಡಿದ್ದೇವೆ. ಕೇಳಬೇಕಾದ್ದು ಬೇರೆ. ಹೆಣ್ಣು ರೋಗಿಗೆ ಹೆಣ್ಣು ನರ್ಸ್ ಬರ್ತಾರಾ? ಹುಣ್ಣು ತೊಳೆಯುವಾಗ ಬೇಕಾದಷ್ಟೇ ಭಾಗ ತೆರೆದು ಉಳಿದದ್ದು ಮುಚ್ಚಿಡ್ತಾರಾ? ನಮಾಝಿನ ಹೊತ್ತಿಗೆ ತಕ್ಕಂತೆ ಔಷಧದ ಗಂಟೆ ಸ್ವಲ್ಪ ಹೊಂದಿಸ್ತಾರಾ? ಮಂಚವನ್ನು ಕಿಬ್ಲಾ ಕಡೆಗೆ ತಿರುಗಿಸಲು, ಬಲಮಗ್ಗುಲಿಗೆ ನೋವಾಗದಂತೆ ಮಲಗಿಸಲು ಸಹಾಯ ಮಾಡ್ತಾರಾ? ಮುಗುಳ್ನಕ್ಕು "ಹೇಗೆ ಬೇಕು ಹೇಳಿ, ಹಾಗೇ ಮಾಡೋಣ" ಅಂದರೆ ಆ ತಂಡ ನಮ್ಮದೇ.

ನಮ್ಮ ಕಡೆಯಿಂದಲೂ ಒಂದು ಮಾತು. ಮೂತ್ರದ ಪೈಪ್ ಹಾಕಿದ್ದಾರೆ, ಇನ್ನು ನಮಾಝ್ ಇಲ್ಲ ಅಂತ ಅಳುವ ರೋಗಿಗಳಿದ್ದಾರೆ. ಕೂತು, ಮಲಗಿ, ಸನ್ನೆಯಿಂದ ಮಾಡುವ ದಾರಿ ಇದೆ. ವುಳೂ ಆಗದಿದ್ದರೆ ತಯಮ್ಮುಮ್ ಇದೆ. ನಿಮ್ಮ ಮಹಲ್ಲಿನ ಖತೀಬರನ್ನು ಮನೆಗೆ ಕರೆಸಿ ಕೇಳಿ. ಡಾಕ್ಟರ ಮಾತ್ರೆಗೆ ಕಡಿಮೆ ಆಗದ ಒಂದು ನೋವು ಅದರಿಂದ ಕಡಿಮೆ ಆಗುತ್ತದೆ.

ಹಣ ಮತ್ತು ಕಾಗದ

ಉಚಿತವೋ, ಹಣಕ್ಕೋ, ಮೊದಲೇ ಕೇಳಿ ಬರೆಸಿಕೊಳ್ಳಿ. ಉಚಿತ ಅಂದರೆ ಔಷಧವೂ ಉಚಿತವಾ, ಭೇಟಿ ಮಾತ್ರವಾ? ಖಾಸಗಿ ಆಸ್ಪತ್ರೆಗೆ ಸೇರಿಸುವುದಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ನೋಂದಣಿ ಪತ್ರ ಮತ್ತು ದರಪಟ್ಟಿ ಕಾಣುವಂತೆ ಹಾಕಿರಬೇಕು. ಬಿಲ್ ಬಾಕಿ ಇದೆ ಅಂತ ಮಯ್ಯಿತ್ತನ್ನು ತಡೆದು ಇಟ್ಟುಕೊಳ್ಳುವಂತಿಲ್ಲ. ದಫನ ಬೇಗ ಆಗಬೇಕಾದ ನಮಗೆ ಇದು ಗೊತ್ತಿರಲೇಬೇಕು. ದೂರು ಇದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಕೊಡಬಹುದು.

ರೋಗಿ ಮನೆಯಲ್ಲೇ ತೀರಿಕೊಂಡರೆ ಸಾವಿನ ಕಾರಣದ ಪತ್ರ ಯಾರು ಬರೆದುಕೊಡ್ತಾರೆ ಎಂಬುದನ್ನು ತಂಡದ ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಅದು ತಪ್ಪಿದರೆ ಪಹಣಿ, ಬ್ಯಾಂಕು, ಪಿಂಚಣಿ ಎಲ್ಲದಕ್ಕೂ ಮಕ್ಕಳು ಅಲೆಯಬೇಕಾಗುತ್ತದೆ.

"ವಾಸಿ ಮಾಡ್ತೀವಿ" ಅಂತ ಮಾತು ಕೊಡುವವರು, ಔಷಧದ ಹೆಸರು ಹೇಳದವರು, ಫೈಲ್ ಕೈಗೆ ಕೊಡದವರು, ಮೊದಲಿನ ಡಾಕ್ಟರ ಜೊತೆ ಮಾತಾಡಬೇಡಿ ಅನ್ನುವವರು, ಇವರಿಂದ ದೂರ ಇರಿ.

ರೋಗಿಗೆ ಹೇಳಬೇಕಾ?

ನಮ್ಮ ಮನೆಗಳಲ್ಲಿ ಮಕ್ಕಳು ಡಾಕ್ಟರಿಗೆ ಕಣ್ಸನ್ನೆ ಮಾಡ್ತಾರೆ, "ಉಪ್ಪನಿಗೆ ಹೇಳ್ಬೇಡಿ" ಅಂತ. ಪ್ರೀತಿಯಿಂದಲೇ ಮಾಡುವುದು. ಆದರೆ ಉಪ್ಪನಿಗೆ ಸಾಲ ತೀರಿಸಲು ಇರುತ್ತದೆ, ವಸಿಯ್ಯತ್ ಬರೆಯಲು ಇರುತ್ತದೆ, ಮಾತು ಬಿಟ್ಟ ತಮ್ಮನ ಹತ್ತಿರ ಪೊರುತ್ತ ಕೇಳಲು ಇರುತ್ತದೆ. ಮುಚ್ಚಿಟ್ಟರೆ ಆ ಅವಕಾಶ ನಾವೇ ಕಿತ್ತುಕೊಂಡ ಹಾಗೆ. ಒಳ್ಳೆಯ ತಂಡದಲ್ಲಿ ಆಪ್ತ ಸಮಾಲೋಚಕರು ಇರ್ತಾರೆ. ಅವರು ರೋಗಿಗೆ ಎಷ್ಟು ತಿಳಿಯಬೇಕು ಅಂತ ಆಸೆ ಇದೆಯೋ ಅಷ್ಟನ್ನೇ, ನಿಧಾನವಾಗಿ ತಿಳಿಸುತ್ತಾರೆ. ಮುಖಕ್ಕೆ ಹೊಡೆದ ಹಾಗೆ ಹೇಳುವುದೂ ಇಲ್ಲ, ಸುಳ್ಳು ಹೇಳುವುದೂ ಇಲ್ಲ.

ಜಮಾಅತ್ ಏನು ಮಾಡಬಹುದು?

ಮಂಜೇಶ್ವರ, ಕಾಸರಗೋಡಿನ ನಿಮ್ಮ ನೆಂಟರನ್ನು ಕೇಳಿ ನೋಡಿ. ಅಲ್ಲಿ ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಮನೆಗೇ ಬರ್ತಾರೆ. ಇದು ಒಂದೇ ದಿನಕ್ಕೆ ಆದದ್ದಲ್ಲ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಮೆಡಿಕಲ್ ಕಾಲೇಜಿನಲ್ಲಿ ಸಣ್ಣದಾಗಿ ಶುರು ಮಾಡಿದರು. ಮಲಪ್ಪುರಂ ಜಿಲ್ಲೆಯಲ್ಲಿ ಅಂಗಡಿಯವರು, ಆಟೋದವರು, ವಿದ್ಯಾರ್ಥಿಗಳು, ಗೃಹಿಣಿಯರು ತರಬೇತಿ ಪಡೆದು ಸ್ವಯಂಸೇವಕರಾದರು. ಜನ ಚಿಲ್ಲರೆ ಕೂಡಿಸಿ ನಡೆಸಿದರು. 2008ರಲ್ಲಿ ಕೇರಳ ಸರಕಾರ ಅದಕ್ಕೊಂದು ನೀತಿಯನ್ನೇ ತಂದಿತು.

ನಂಜನಗೂಡು, ಟಿ. ನರಸೀಪುರದಲ್ಲಿ ನಮ್ಮ ಮನೆಗಳು ಕಡಿಮೆ. ಉರ್ದು ಮಾತಾಡುವ ಸಹೋದರರು, ಬೇರೆ ಸಮುದಾಯದ ನೆರೆಯವರು ಸೇರಿದರೆ ಮಾತ್ರ ಕೆಲಸ ಆದೀತು. ದೊಡ್ಡದೇನೂ ಬೇಡ. ಮಸೀದಿಯ ಒಂದು ಕೋಣೆಯಲ್ಲಿ ಎರಡು ವೀಲ್‌ಚೇರ್, ಎರಡು ಗಾಳಿ ಹಾಸಿಗೆ, ಒಂದು ಆಕ್ಸಿಜನ್ ಯಂತ್ರ ಇರಲಿ. ಯಾವ ಜಾತಿ ಧರ್ಮ ಅಂತ ಕೇಳದೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯಲಿ. ಇಬ್ಬರು ಹುಡುಗರು, ಇಬ್ಬರು ಹೆಣ್ಣುಮಕ್ಕಳು ಒಂದು ಒಳ್ಳೆಯ ತಂಡದ ಜೊತೆ ಹೋಗಿ ಆರೈಕೆ ಕಲಿಯಲಿ. ಮೈಸೂರಿಗೆ ಹೋಗುವವರು ದೂರದ ಹಳ್ಳಿಯ ರೋಗಿಯ ಔಷಧ ತಂದುಕೊಡಲಿ.

ಹೀಗೆ ಮಾಡಿದರೆ ಇನ್ನೊಂದು ಲಾಭ ಇದೆ. ಯಾವ ತಂಡ ರಾತ್ರಿ ಫೋನ್ ಎತ್ತಿತು, ಯಾವುದು ಎತ್ತಲಿಲ್ಲ, ಯಾರ ನೋವು ಎಷ್ಟು ದಿನಕ್ಕೆ ಇಳಿಯಿತು ಎಂಬುದು ಜಮಾಅತಿಗೆ ತಿಳಿದಿರುತ್ತದೆ. ಒಂದು ಮನೆಯವರು ನರಳಿ ಕಲಿತದ್ದನ್ನು ಮುಂದಿನ ಮನೆಯವರು ಮತ್ತೆ ನರಳಿ ಕಲಿಯಬೇಕಾಗಿಲ್ಲ. ಈ ಶುಕ್ರವಾರ ಜುಮುಆ ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡಿ. ನಿಮ್ಮ ಮಹಲ್ಲಿನಲ್ಲಿ ಇವತ್ತು ಹಾಸಿಗೆ ಹಿಡಿದವರು ಎಷ್ಟು ಮಂದಿ ಅಂತ ಎಣಿಸುವುದರಿಂದ ಶುರು ಮಾಡಿ.